2038ರ ಕಂತು 1901ಕ್ಕೆ ಹೋಗಿದ್ದು ಹೇಗೆ?

ಹೋದ ತಿಂಗಳು ನಮ್ಮ ಚಿಕ್ಕಮ್ಮ ಫೋನ್ ಮಾಡಿದ್ರು. "ಏನೋ, ಬಿ.ಕಾಂ ಓದಿದೀಯಲ್ಲ, ಇದೇನು ಸ್ವಲ್ಪ ನೋಡು" ಅಂತ ಮನೆ ಸಾಲದ ಕಂತಿನ ಪಟ್ಟಿನ ವಾಟ್ಸಾಪ್ ಮಾಡಿದ್ರು. 15 ವರ್ಷದ ಸಾಲ. 2038ರ ಜನವರಿ 5ರವರೆಗೆ ತಾರೀಕು ಸರಿಯಾಗಿದೆ. ಅದರ ಮುಂದಿನ ಕಂತು 30-12-1901! "ಆಗ ನಮ್ಮಜ್ಜಿನೂ ಹುಟ್ಟಿರ್ಲಿಲ್ಲ ಕಣೋ" ಅಂದ್ರು.

ನಗು ಬಂತು. ಆದ್ರೆ ಆ ತಾರೀಕನ್ನೇ ನಂಬ್ಕೊಂಡು ಸಾಫ್ಟ್‌ವೇರ್ ಬಡ್ಡಿ ಲೆಕ್ಕ ಹಾಕಿದ್ರೆ? ಕಂತು ನೂರಿಪ್ಪತ್ತು ವರ್ಷಕ್ಕಿಂತ ಹೆಚ್ಚು ಬಾಕಿ ಅಂತ ತೋರಿಸುತ್ತೆ!

ಇದಕ್ಕೆಲ್ಲ ಕಾರಣ ಒಂದು ಸಂಖ್ಯೆ: 2,14,74,83,647. ಅಂದ್ರೆ 214 ಕೋಟಿ ಚಿಲ್ಲರೆ.

ಬಹಳಷ್ಟು ಕಂಪ್ಯೂಟರ್‌ಗಳು ಸಮಯವನ್ನ 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. ಹಳೇ ವ್ಯವಸ್ಥೆಗಳಲ್ಲಿ ಆ ಎಣಿಕೆಗೆ 32 ಬಿಟ್ ಜಾಗ. 32 ಸ್ವಿಚ್ ಇರೋ ಬೋರ್ಡ್ ಅಂದ್ಕೊಳ್ಳಿ. ಒಂದು ಸ್ವಿಚ್ ಪ್ಲಸ್ಸೋ ಮೈನಸ್ಸೋ ಅಂತ ಹೇಳೋಕೆ. ಉಳಿದ 31 ಸ್ವಿಚ್‌ಗಳೂ ಆನ್ ಆದಾಗ ಬರೋದೇ ಈ ಸಂಖ್ಯೆ. 2038ರ ಜನವರಿ 19, ನಮ್ಮ ಸಮಯ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಬೋರ್ಡ್ ತುಂಬುತ್ತೆ. ಮುಂದಿನ ಸೆಕೆಂಡಿಗೆ ಮೈನಸ್ ಸ್ವಿಚ್ ಬೀಳುತ್ತೆ, ಗಡಿಯಾರ ನಮ್ಮ ಸಮಯದ ಪ್ರಕಾರ 1901ರ ಡಿಸೆಂಬರ್ 14ಕ್ಕೆ ಹಾರುತ್ತೆ.

ಇದು ಬರೀ ಸಮಯದ ಕಥೆಯಲ್ಲ. ಹಣವನ್ನ ಇದೇ ಜಾಗದಲ್ಲಿ ಪೈಸೆ ಲೆಕ್ಕದಲ್ಲಿ ಇಟ್ರೆ 2 ಕೋಟಿ 14 ಲಕ್ಷ ರೂಪಾಯಿ ಚಿಲ್ಲರೆಗೇ ಖಾತೆ ತುಂಬಿಹೋಗುತ್ತೆ. 2014ರಲ್ಲಿ 'ಗಂಗ್ನಮ್ ಸ್ಟೈಲ್' ಹಾಡಿನ ವ್ಯೂಸ್ ಈ ಗಡಿ ಸಮೀಪಿಸಿದ್ದಕ್ಕೆ ಯೂಟ್ಯೂಬ್ ಕೂಡ ತನ್ನ ಎಣಿಕೆಯನ್ನ 64 ಬಿಟ್‌ಗೆ ಬದಲಿಸಿತ್ತು.

ನನಗೆ ಇನ್ನೂ ಮಜಾ ಅನಿಸಿದ್ದು ಬೇರೆ. ಇದು ಅವಿಭಾಜ್ಯ ಸಂಖ್ಯೆ. 1 ಮತ್ತು ತನ್ನನ್ನ ಬಿಟ್ಟು ಬೇರೆ ಯಾವುದರಿಂದಲೂ ಭಾಗ ಹೋಗಲ್ಲ. ಇದನ್ನ 1772ರ ಹೊತ್ತಿಗೇ ತೋರಿಸಿಕೊಟ್ಟವರು ಗಣಿತಜ್ಞ ಲಿಯೊನಾರ್ಡ್ ಆಯ್ಲರ್. ಕಂಪ್ಯೂಟರ್ ಇಲ್ಲ, ಆಗ ಅವರಿಗೆ ಕಣ್ಣೂ ಹೆಚ್ಚುಕಮ್ಮಿ ಕಾಣ್ತಿರಲಿಲ್ಲ. ಸುಮ್ಮನೆ ಭಾಗಿಸ್ತಾ ಕೂತಿದ್ರೆ 46,340ರವರೆಗೆ ಪರೀಕ್ಷೆ ಮಾಡ್ಬೇಕಿತ್ತು. ಆದ್ರೆ ಈ ಸಂಖ್ಯೆ ಅಂದ್ರೆ 31 ಎರಡುಗಳನ್ನ ಗುಣಿಸಿ ಒಂದು ಕಳೆದದ್ದು. ಆ ರೂಪದಿಂದಲೇ ಅವರಿಗೊಂದು ದಾರಿ ಸಿಕ್ತು: ಇದನ್ನ ಭಾಗಿಸೋ ಅವಿಭಾಜ್ಯ ಯಾವುದಾದ್ರೂ ಇದ್ರೆ, ಅದನ್ನ 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಲೇಬೇಕು. ಅಲ್ಲಿಗೆ ಹೆಚ್ಚೆಂದರೆ 372 ಭಾಗಾಕಾರ ಸಾಕಾಯ್ತು.

31 ಸ್ವಿಚ್‌ನಲ್ಲಿ ಇದು ಕೊನೇ ಸಂಖ್ಯೆ ಆಗಿರೋದೂ ಅದೇ ರೂಪದಿಂದ. ಆಯ್ಲರ್‌ಗೆ ದಾರಿ ಕೊಟ್ಟಿದ್ದೇ ನಮ್ಮ ಮಶೀನುಗಳಿಗೆ ಗೋಡೆಯಾಯ್ತು.

ನಿಮ್ಮ ಹೊಸ ಫೋನ್ ಬಗ್ಗೆ ಚಿಂತೆ ಬೇಡ. 64 ಬಿಟ್ ಸಮಯಕ್ಕೆ ಸುಮಾರು 29 ಸಾವಿರ ಕೋಟಿ ವರ್ಷದಷ್ಟು ಜಾಗ ಇದೆ. ಕಷ್ಟ ಇರೋದು ಯಾರೂ ಅಪ್‌ಡೇಟ್ ಮಾಡದ ಹಳೇ ಮಶೀನು, ಹಳೇ ಸಾಫ್ಟ್‌ವೇರ್‌ಗಳಲ್ಲಿ. ಅದು 2038ರವರೆಗೂ ಕಾಯಲ್ಲ, ದೂರದ ತಾರೀಕು ಹಾಕಿದ ದಿನವೇ ಕಾಣಿಸಿಕೊಳ್ಳುತ್ತೆ. ಚಿಕ್ಕಮ್ಮನಿಗೆ ಸಾಲ ಕೊಟ್ಟವರು ಪಟ್ಟಿ ಸರಿ ಮಾಡಿಕೊಟ್ರು. ನಿಮ್ಮನೇಲೂ ದೀರ್ಘಾವಧಿ ಸಾಲ ಇದ್ರೆ, ಇವತ್ತೇ ಆ ಪಟ್ಟಿಯ ಕೊನೇ ಪುಟ ತೆಗೆದು ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.