ಇಯರ್‌ಬಡ್ ಮುನಿದಾಗ

ಮಧುಗಿರಿಯಲ್ಲಿ ಪಾವಗಡದ ಬಸ್ಸು ಹತ್ತಿ ಕುಳಿತು ಇಯರ್‌ಬಡ್ ಕಿವಿಗಿಟ್ಟರೆ ಹಾಡಿಲ್ಲ. ಫೋನು ಜೋಡಣೆಯಾಗಲಿಲ್ಲ ಎನ್ನುತ್ತದೆ. ಕೇಳುಗರೇ, ಕೂಡಲೇ ಹೊಸದಕ್ಕೆ ಹಣ ಸುರಿಯಬೇಡಿ.

ಇವೆರಡರ ನಡುವೆ ಇರುವುದು ಬ್ಲೂಟೂತ್ ಎಂಬ ರೇಡಿಯೋ ನಂಟು. ಡೇನರನ್ನು ಒಂದುಗೂಡಿಸಿದ ಹತ್ತನೆಯ ಶತಮಾನದ ದೊರೆ ಹೆರಾಲ್ಡನ ಅಡ್ಡಹೆಸರು ಅದು. ಅಂಥ ಹೆಸರು ಹೊತ್ತದ್ದೇ ಕೂಡಲು ಹಟ ಮಾಡುವುದು ತಮಾಷೆಯೇ ಸರಿ. ಮೊದಲ ಸಲ ಜೋಡಿಸಿದಾಗ ಫೋನೂ ಬಡ್ಡೂ ಒಂದು ಗುಟ್ಟಿನ ಸಂಕೇತವನ್ನು ತಮ್ಮ ತಮ್ಮಲ್ಲಿ ಬರೆದಿಟ್ಟುಕೊಳ್ಳುತ್ತವೆ. ಒಂದು ಕಡೆ ಅಳಿಸಿ ಇನ್ನೊಂದು ಕಡೆ ಉಳಿದರೆ ಗುರುತು ತಪ್ಪುತ್ತದೆ. 'ರೀಸೆಟ್ ಮಾಡಿದೆ, ಆದರೂ ಆಗಲಿಲ್ಲ' ಎನ್ನುವವರು ಎಡವುವುದು ಬಹುಮಟ್ಟಿಗೆ ಇಲ್ಲಿಯೇ. ಫೋನಿನ ಬ್ಲೂಟೂತ್ ಪಟ್ಟಿಯಿಂದಲೂ ಆ ಹೆಸರನ್ನು ತೆಗೆದುಹಾಕಿ, ಆಮೇಲೆ ಬಡ್ಡುಗಳನ್ನು ರೀಸೆಟ್ ಮಾಡಿ. ಗುಂಡಿಯನ್ನು ಎಷ್ಟು ಹೊತ್ತು ಒತ್ತಬೇಕೆಂಬುದು ಒಂದೊಂದು ತಯಾರಿಗೆ ಒಂದೊಂದು ಬಗೆ. ಡಬ್ಬಿಯೊಡನೆ ಬಂದ ಚೀಟಿಯನ್ನು ನೋಡುವುದೇ ಲೇಸು.

ಶಿರಾ, ಪಾವಗಡದ ಬಯಲುಸೀಮೆಯ ಧೂಳು ಬೆವರಿನೊಡನೆ ಸೇರಿ ಡಬ್ಬಿಯೊಳಗಿನ ಪುಟ್ಟ ಲೋಹದ ಚುಕ್ಕೆಗಳ ಮೇಲೆ ಕೂತರೆ ಚಾರ್ಜು ಏರದು. ಚಾರ್ಜಿಲ್ಲದ ಬಡ್ಡು ರೀಸೆಟ್ಟಿಗೂ ಮಣಿಯದು. ಒಣಬಟ್ಟೆಯಿಂದ ಮೆಲ್ಲಗೆ ಒರೆಸಿ, ಪಿನ್ನಿನಿಂದ ಕೆರೆಯಬೇಡಿ. ಕೊರಟಗೆರೆಯ ಯಾವ ಮನೆಯಲ್ಲಾದರೂ ಈಗ ಎರಡು ಮೂರು ಫೋನುಗಳಿದ್ದಾವು. ಬಡ್ಡು ಅಡುಗೆಮನೆಯಲ್ಲಿರುವ ಅಮ್ಮನ ಫೋನಿಗೆ ಮೊದಲೇ ಅಂಟಿಕೊಂಡಿರಬಹುದು. ಅದರ ಬ್ಲೂಟೂತನ್ನು ಕೊಂಚ ಹೊತ್ತು ಆರಿಸಿ ನೋಡಿ.

ಇಷ್ಟಾದರೂ ಒಂದು ಕಿವಿಯದು ಬೆಳಕನ್ನೇ ತೋರದಿದ್ದರೆ ಒಳಗಿನ ಬ್ಯಾಟರಿ ಸೋತಿರಬೇಕು. ಬಿಚ್ಚಲು ಹೋಗಬೇಡಿ, ಲಿಥಿಯಂ ಬ್ಯಾಟರಿಗೆ ಏನಾದರೂ ಚುಚ್ಚಿದರೆ ಬೆಂಕಿ ಹತ್ತುವುದುಂಟು. ಬಿಲ್ಲು ಹುಡುಕಿ ವಾರಂಟಿಯ ಅವಧಿ ಉಳಿದಿದೆಯೇ ನೋಡಿಕೊಂಡು, ಕೊಂಡ ಅಂಗಡಿಗೇ ಒಯ್ಯಿರಿ.