ಗೋದಾಮಿನ ಮುಂದೆ ನಡೆದ ಹಾವಿನ ಆಟ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಾಲ, ಗೊಬ್ಬರದ ವಿಷಯವನ್ನು ಕಾರ್ಯದರ್ಶಿಗಳು ವರದಿಯಲ್ಲಿ ಹೇಳಿದ್ದಾರೆ. ನಾನು 2024ರ ಮುಂಗಾರಿಗೆ ಮುಂಚೆ ನಮ್ಮ ಗೋದಾಮಿನ ಮುಂದೆ ನಡೆದ ನಾಟಕದ ಬಗ್ಗೆ ಎರಡು ಮಾತು ಹೇಳ್ತೀನಿ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಯವರು ವರದಿ ಮಾಡಬೇಕೆಂದು ರಾಜ್ಯ ಸರ್ಕಾರ ಹೇಳಿದ್ದೂ ಅದೇ ವರ್ಷ.

ನಾಟಕ ಅಂದರೆ ಕುರುಕ್ಷೇತ್ರದ ಹಾಗೆ ಬೆಳಗಿನ ತನಕ ಅಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಮ್ಮ, ಆಶಾ ಕಾರ್ಯಕರ್ತೆಯರು, ನಮ್ಮ ಹುಡುಗರು ಸೇರಿ ಆಡಿದ ಇಪ್ಪತ್ತು ನಿಮಿಷದ ಆಟ. ರಾತ್ರಿ ಗದ್ದೆಗೆ ನೀರು ಕಟ್ಟಲು ಹೋದವನಿಗೆ ಕೊಳಕುಮಂಡಲ ಕಚ್ಚುತ್ತೆ. ಒಬ್ಬ ಹಗ್ಗ ಬಿಗಿಯುತ್ತಾನೆ, ಒಬ್ಬ ಬ್ಲೇಡು ತರುತ್ತಾನೆ, ಇನ್ನೊಬ್ಬ ಮಂತ್ರ ಹಾಕುವವರ ಮನೆಗೆ ಓಡ್ತಾನೆ. ಬೆಳಗಾಗೋದರಲ್ಲಿ ಜೀವ ಹೋಗಿರುತ್ತೆ. ಆಗ ಡಾಕ್ಟರು, "ಆಟ ಮತ್ತೆ ಮೊದಲಿಂದ. ಎಲ್ಲಿ ತಪ್ಪು ಅನ್ನಿಸ್ತೋ ಅಲ್ಲಿ ನಿಲ್ಲಿಸಿ, ನೀವೇ ಬಂದು ಪಾರ್ಟು ಮಾಡಿ" ಅಂದರು. ಬ್ರೆಜಿಲ್ ದೇಶದ ಅಗಸ್ಟೋ ಬೋಲ್ ಎಂಬುವರು ರೂಢಿಗೆ ತಂದ ಕ್ರಮವಂತೆ.

ಹಗ್ಗ ಬಿಗಿಯೋದೇ ಸರಿ ಅಂತ ನಾನು ಕೈ ಎತ್ತಿ ವಾದ ಮಾಡಿದೆ. ಬಿಗಿದರೆ ರಕ್ತ ನಿಂತು ಕಾಲೇ ಕೊಳೆಯಬಹುದು, ಕುಯ್ಯಬಾರದು, ಚೀಪಬಾರದು. ಮೂಳೆ ಮುರಿದಾಗ ಕಟ್ಟುವ ಹಾಗೆ ದಬ್ಬೆ ಕಟ್ಟಿ, ನಡೆಸದೆ ಹೊತ್ತು ತರಬೇಕು ಅಂದರು. ನಾಲ್ಕು ಜನರ ಮುಂದೆ ನಾಚಿಕೆ ಆಯ್ತು, ಆದರೆ ಮರೆಯಲಿಲ್ಲ.

ಆಮೇಲೆ ಕೂಲಿಗೆ ಬರುವ ಹೆಣ್ಣುಮಗಳೊಬ್ಬಳು ಎದ್ದು ಹೆಂಡತಿ ಪಾರ್ಟಿಗೆ ನಿಂತಳು. "ಆಸ್ಪತ್ರೆ ಎಲ್ಲಿದೆ ಅಂತ ನಂಗೂ ಗೊತ್ತು ಕಣಣ್ಣ. ಸರಿರಾತ್ರೀಲಿ ನಮ್ಮ ಕೇರಿಯಿಂದ ಬಂದು ಯಾರ ಬಾಗಿಲು ಬಡೀಲಿ? ಯಾರು ಗಾಡಿ ಕೊಡ್ತಾರೆ?" ಅಂದಳು. ಗಾಡಿ ಇಟ್ಟುಕೊಂಡ ನಾವೆಲ್ಲ ಮುಂದಿನ ಸಾಲಿನಲ್ಲೇ ಕೂತಿದ್ದೆವು. ಯಾರೂ ಉಸಿರೆತ್ತಲಿಲ್ಲ. ಅಷ್ಟಕ್ಕೇ ಬಿಡದೆ ಡಾಕ್ಟರ ಕಡೆ ತಿರುಗಿ, "ನಾವು ಬಂದಾಗ ಔಷಧಿ ಇರ್ತದಾ ಸ್ವಾಮಿ?" ಅಂತಲೂ ಕೇಳಿದಳು. ಅವರಿಗೂ ದಾಸ್ತಾನು ಲೆಕ್ಕ ಹೇಳದೆ ವಿಧಿ ಇರಲಿಲ್ಲ.

ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಇದನ್ನೇ ಇಟ್ಟೆವು. 108 ಬರೋದು ತಡವಾದರೆ ಯಾರನ್ನು ಕರೀಬೇಕು ಅಂತ ಗಾಡಿ ಇರುವ ನಾಲ್ವರು ಸದಸ್ಯರ ಫೋನ್ ನಂಬರು ಈಗ ಗೋದಾಮಿನ ಗೋಡೆ ಮೇಲಿದೆ. ಮೊದಲನೆಯದು ನನ್ನದು. ಎರಡು ಸಲ ಕರೆ ಬಂದಿದೆ.

ಸುಗ್ಗಿ ಮುಗಿದ ಮೇಲೆ ಕಟ್ಟುಹಾವಿನ ಆಟ. ಅದು ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತೆ, ನೋವೂ ಗೊತ್ತಾಗದೆ ಇರಬಹುದು. ಪಾರ್ಟು ಮಾಡುವವರು ನರ್ಸಮ್ಮನವರ ಹತ್ತಿರ ಹೆಸರು ಬರೆಸಿ.