ಅವ್ವನ ಸಾಲದ ಲೆಕ್ಕ ನಾವೇ ಬರೆಯೋಣ

(ಕೆಮ್ಮಣ್ಣುಗುಂಡಿಯ ವಿದ್ಯಾರ್ಥಿ ಶಿಬಿರದಲ್ಲಿ ಆಡಿದ ಮಾತು)



ನಾವು ಕೂತಿರೋ ಈ ಬೆಟ್ಟದ ಕೆಂಪು ಮಣ್ಣಲ್ಲಿ ಕಬ್ಬಿಣ ಇದೆ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಭದ್ರಾವತಿ ಕಾರ್ಖಾನೆಗೆ ಇಲ್ಲಿಂದಲೇ ಅದಿರು ಇಳಿದು ಹೋಯಿತು. ಈಗ ಗಣಿ ನಿಂತಿದೆ. ಅದಿರಿಗೆ ಟನ್ನಿನ ಲೆಕ್ಕ ಇತ್ತು. ಅಗೆದವರ, ಹೊತ್ತವರ ಮನೆಯೊಳಗಿನ ಲೆಕ್ಕ ಯಾವ ಪುಸ್ತಕದಲ್ಲಿದೆ?

ಅದೇ 1923ರಲ್ಲಿ ಬಾಬಾಸಾಹೇಬರು ರೂಪಾಯಿಯ ಸಮಸ್ಯೆ ಕುರಿತ ಗ್ರಂಥವನ್ನು ಲಂಡನ್ನಿನಲ್ಲಿ ಪ್ರಕಟಿಸಿದರು. ಊರ ಬಾವಿ ಮುಟ್ಟಬಾರದು ಅನ್ನಿಸಿಕೊಂಡ ಜಾತಿಯಲ್ಲಿ ಹುಟ್ಟಿದವರು ಸಾಮ್ರಾಜ್ಯದ ನಾಣ್ಯದ ಲೆಕ್ಕವನ್ನೇ ಕೇಳಿದರು. ನಮ್ಮ ಮನೆಯ ಲೆಕ್ಕ ಕೇಳೋಕೆ ನಮಗ್ಯಾಕೆ ನಾಚಿಕೆ?

ಉಳಿತಾಯ ಮಾಡ್ರಪ್ಪ ಅಂತ ನಮಗೆ ಬುದ್ಧಿ ಹೇಳೋರು ಬಹಳ. ಉಳಿದರೆ ತಾನೆ ಉಳಿತಾಯ! ಕೂಲಿ ಮನೆಗೆ ಬರೋ ಮೊದಲೇ ಬಡ್ಡಿ ಅದನ್ನು ತಿಂದಿರುತ್ತೆ. ತೂತು ಎಲ್ಲಿದೆ ಅಂತ ನೋಡದೆ ಕೊಡ ತುಂಬಿಸಿ ಏನು ಪ್ರಯೋಜನ?

ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿ. ಕೇಳೋಕೆ ಸಣ್ಣದು. 10,000 ಸಾಲಕ್ಕೆ ತಿಂಗಳಿಗೆ 500. ಇಪ್ಪತ್ತು ತಿಂಗಳಲ್ಲಿ 10,000 ಕೊಟ್ಟಾಯಿತು. ಅಸಲು ಹಾಗೇ ಕೂತಿದೆ! ಇನ್ನೊಂದು. 20,000 ಕೊಟ್ಟು, ತಿಂಗಳಿಗೆ 2,000ದಂತೆ ಹನ್ನೆರಡು ಕಂತು ಕಟ್ಟಿ, ಬಡ್ಡಿ ಬರೀ ಇಪ್ಪತ್ತು ಪರ್ಸೆಂಟು ಅಂತಾರೆ. ಆದರೆ ತಿಂಗಳು ತಿಂಗಳೂ ಅಸಲು ಕರಗುತ್ತಿದೆಯಲ್ಲ? ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ವರ್ಷಕ್ಕೆ ಸುಮಾರು 35 ಪರ್ಸೆಂಟು. ಅವ್ವನಿಗೆ ಇದನ್ನು ಯಾರೂ ಹೇಳಿಲ್ಲ. ಓದಿದ ನಾವು ಹೇಳಬೇಕು.

ಅಪ್ಪನ ಸಾಲಕ್ಕೆ ಮಗ ಜೀತ ಹೋಗುತ್ತಿದ್ದ ಕಾಲ ಇತ್ತು. 1975ರ ಅಕ್ಟೋಬರಿನ ಸುಗ್ರೀವಾಜ್ಞೆ, 1976ರ ಕಾಯ್ದೆ ಜೀತವನ್ನೂ ಜೀತದ ಸಾಲವನ್ನೂ ರದ್ದು ಮಾಡಿದವು. ಇವತ್ತು ಕಂತಿನ ದಿನ ಬಾಗಿಲು ಹಾಕಿಕೊಂಡು ಒಳಗೆ ಕೂರುವ ಅವ್ವನನ್ನು ನೋಡಿ. ಸ್ಕಾಲರ್‌ಶಿಪ್ ಬಂದ ದಿನವೇ ಅದು ಕಂತಿಗೆ ಹೋಗಿ, ಓದು ಬಿಟ್ಟು ತೋಟದ ಕೂಲಿಗೆ ಹೊರಡುವ ತಂಗಿಯನ್ನು ನೋಡಿ. ಹೆಸರು ಬದಲಾಗಿದೆ, ಅಷ್ಟೆ.

ಕಾನೂನು ನಮ್ಮ ಕೈಯಲ್ಲೂ ಇದೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರೋ ಮನೆಗಳ ಕಿರುಸಾಲಕ್ಕೆ ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಮಾಡಿತು: ಅಡಮಾನ ಕೇಳುವಂತಿಲ್ಲ, ಎಲ್ಲ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು, ಸಾಲದ ಕಾರ್ಡು ನಮಗೆ ತಿಳಿಯುವ ಭಾಷೆಯಲ್ಲಿರಬೇಕು. ಕಿರುಕುಳ ಕೊಟ್ಟು ವಸೂಲಿ ಮಾಡುವವರ ವಿರುದ್ಧ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಪೊಲೀಸರಿಗೆ ದೂರು ಕೊಡಬಹುದು. ಆದರೆ ಬರೆದ ಲೆಕ್ಕ ಇಲ್ಲದವನ ದೂರು ಗಾಳಿಗೆ ಹೋಗುತ್ತೆ.

ಅದಕ್ಕೇ ಈ ರಜೆಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ಒಯ್ಯಿರಿ. ಅವ್ವನ ಪಕ್ಕ ಕೂತು ಬರೆಯಿರಿ: ಯಾರ ಹತ್ರ, ಎಷ್ಟು, ಎಷ್ಟು ಬಡ್ಡಿ, ಇಲ್ಲಿವರೆಗೆ ಕಟ್ಟಿದ್ದೆಷ್ಟು. ಕೈಸಾಲ, ತೋಟದ ಮುಂಗಡ, ಗಿರವಿ ಇಟ್ಟ ಓಲೆ, ಯಾವುದನ್ನೂ ಬಿಡಬೇಡಿ. ಕಟ್ಟಿದ್ದಕ್ಕೆ ರಸೀದಿ ಕೇಳಿ. ಹೆಚ್ಚು ಬಡ್ಡಿಯ ಸಾಲ ಮೊದಲು ತೀರಿಸಿ. ಒಂದು ಸಾಲ ತೀರಿಸೋಕೆ ಅದಕ್ಕಿಂತ ದುಬಾರಿ ಸಾಲ ಮಾಡಬೇಡಿ. ಮದುವೆಗೆ, ಹಬ್ಬಕ್ಕೆ ಮೇಲ್ಜಾತಿಯವರ ಸಮಕ್ಕೆ ಖರ್ಚು ಮಾಡಿ ತೋರಿಸುವ ಹಟ ಬಿಡಿ.

ಇದರಿಂದ ಕೂಲಿ ಹೆಚ್ಚೋದಿಲ್ಲ, ಭೂಮಿ ಬರೋದಿಲ್ಲ. ಅದಕ್ಕೆ ಹೋರಾಟವೇ ಬೇಕು. ಆದರೆ ಕಂತಿನವನಿಗೆ ಹೆದರಿ ಅಡಗಿದ ಕೇರಿ ಹೋರಾಟಕ್ಕೆ ಹೇಗೆ ಬರುತ್ತೆ? ಮೊದಲು ಅವ್ವ ಬಾಗಿಲು ತೆಗೆದು, ಪುಸ್ತಕ ಹಿಡಿದು, ‘ಲೆಕ್ಕ ತೋರಿಸಪ್ಪ’ ಅಂತ ಕೇಳಲಿ.